ಆಟದ ವೆಚ್ಚವೂ ವಿದ್ಯಾಪೀಠದ ಲೆಕ್ಕವೂ

1939ನೆಯ ಇಸವಿಯಲ್ಲಿ ಶಿಕಾಗೊ ವಿಶ್ವವಿದ್ಯಾನಿಲಯದ ಫುಟ್‌ಬಾಲ್ ತಂಡವು ಮಿಷಿಗನ್ ತಂಡದೆದುರು 85–0, ಹಾರ್ವರ್ಡಿನೆದುರು 61–0, ಓಹಾಯೊ ಸ್ಟೇಟ್ ತಂಡದೆದುರು ಮತ್ತೆ 61–0 ಎಂಬಂತೆ ಒಂದರ ಮೇಲೊಂದು ಪರಾಭವವನ್ನು ಅನುಭವಿಸಿತು. ಅದೇ ಡಿಸೆಂಬರಿನಲ್ಲಿ ಆಡಳಿತ ಮಂಡಲಿಯು, ಅಧ್ಯಕ್ಷರಾಗಿದ್ದ ರಾಬರ್ಟ್ ಹಚಿನ್ಸರ ಮಾತನ್ನು ಮನ್ನಿಸಿ, ಇನ್ನು ಮುಂದೆ ಅನ್ಯ ವಿದ್ಯಾಸಂಸ್ಥೆಗಳೊಡನೆ ಈ ಆಟದ ಪಂದ್ಯಗಳನ್ನು ಆಡತಕ್ಕದ್ದಿಲ್ಲವೆಂದು ಸಾರಿಬಿಟ್ಟಿತು. ಅಂಡಾಕಾರದ ಚೆಂಡನ್ನು ಎದೆಗವಚಿಕೊಂಡು, ಅಡ್ಡಬಂದವರನ್ನು ಕೆಡವಿಕೊಂಡು ನುಗ್ಗುವ ಈ ಆಟವೆಂದರೆ ಅಮೆರಿಕದ ಜನಕ್ಕೆ ಎಷ್ಟು ಪ್ರಾಣವೆಂಬುದನ್ನು ಬಲ್ಲವರಿಗೆ ಈ ನಿರ್ಣಯವು ಎಂತಹ ಸಾಹಸವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಆ ವಿದ್ಯಾಪೀಠವು ಫುಟ್‌ಬಾಲಿನ ಹೆಗಲೇರಿಯೇ ಪ್ರಸಿದ್ಧಿಗೆ ಬಂದದ್ದು. 1892ರಲ್ಲಿ ಪಾಠಪ್ರವಚನಗಳು ಮೊದಲಾದಾಗ ಪ್ರಥಮ ಅಧ್ಯಕ್ಷರಾಗಿದ್ದ ವಿಲಿಯಂ ರೇನಿ ಹಾರ್ಪರ್, ಸ್ವತಃ ಹೀಬ್ರೂ ಭಾಷೆಯ ಪ್ರಕಾಂಡ ಪಂಡಿತರಾಗಿದ್ದೂ, ಹೊಸ ಸಂಸ್ಥೆಯ ಹೆಸರು ದೇಶದ ಕಿವಿಗೆ ಬೀಳಬೇಕಾದರೆ ಪಾಂಡಿತ್ಯಕ್ಕಿಂತ ಪಂದ್ಯವೇ ಹತ್ತಿರದ ದಾರಿಯೆಂದು ಬಗೆದು, ಆಮೋಸ್ ಅಲಾಂಜೊ ಸ್ಟ್ಯಾಗ್ ಎಂಬ ತರುಣನನ್ನು ಅಧ್ಯಾಪಕ ಪದವಿಯೊಡನೆ, ಖಾಯಂ ನೌಕರಿಯ ಭರವಸೆಯೊಡನೆ, ತರಬೇತುದಾರನನ್ನಾಗಿ ಕರೆತಂದರು. ಸ್ಟ್ಯಾಗ್ 1932ರ ವರೆಗೆ ಅಲ್ಲಿಯೇ ನೆಲಸಿದರು. ದೇಶದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಸಲ್ಲುವ, ಈಗ ಹೈಸ್‌ಮನ್ ಪಾರಿತೋಷಕವೆಂದು ಕರೆಯಲ್ಪಡುವ ಬಹುಮಾನವನ್ನು 1935ರಲ್ಲಿ ಮೊಟ್ಟಮೊದಲು ಪಡೆದ ಜೇ ಬರ್ವಾಂಗರ್ ಕೂಡ ಈ ಶಿಕಾಗೊ ತಂಡದವನೇ.

ಇಂತಹ ತಂಡವು ನಾಲ್ಕೇ ವರ್ಷಗಳಲ್ಲಿ ನೆಲಕಚ್ಚಿದ್ದೇಕೆ? ಪ್ರತಿಸ್ಪರ್ಧಿಗಳಾದ ದೊಡ್ಡ ದೊಡ್ಡ ಸರಕಾರಿ ವಿಶ್ವವಿದ್ಯಾನಿಲಯಗಳು ಬಲಶಾಲಿಗಳಾದ ಹುಡುಗರನ್ನು ಊರೂರು ಅಲೆದು ಹುಡುಕಿ ತರುತ್ತಿದ್ದುವು. ಶಿಕಾಗೊದಲ್ಲಾದರೋ ವಿದ್ಯಾರ್ಥಿಗಳ ಸಂಖ್ಯೆಯೂ ಕಡಿಮೆ, ಪರೀಕ್ಷೆಗಳೂ ಕಠಿಣ. ಗೆಲ್ಲಬೇಕಾದರೆ ಹಣವನ್ನು ಸುರಿಯಬೇಕು, ಇಲ್ಲವೇ ಪಾಠದ ಮಟ್ಟವನ್ನು ಇಳಿಸಬೇಕು. ಹಚಿನ್ಸ್ ಎರಡಕ್ಕೂ ಒಪ್ಪಲಿಲ್ಲ. ಆದರೆ ಅವರು 1929ರಿಂದಲೂ ಅಧ್ಯಕ್ಷರಾಗಿದ್ದವರು. ಬರ್ವಾಂಗರ್ ಮೆರೆಯುತ್ತಿದ್ದ ವರ್ಷದಲ್ಲಿ ಈ ಮಾತನ್ನು ಆಡಿದ್ದರೆ ಮಂಡಲಿಯು ಕೇಳುತ್ತಿತ್ತೆ ಎಂಬ ಸಂಶಯ ನನಗುಂಟು. ಸೋಲಿನ ಅಂಕಿಗಳು ಅವರ ವಾದಕ್ಕೆ ಒದಗಿಬಂದ ಪರಮ ಸಾಕ್ಷಿಗಳು.

ಪಂದ್ಯಗಳಿಲ್ಲದೆ ಬರಿದಾದ ಶಿಕಾಗೊ ತಂಡದ ಕ್ರೀಡಾಂಗಣದ ಮುಂದಿನ ಕಥೆ ಇನ್ನೂ ವಿಚಿತ್ರವಾದುದು. ಪಶ್ಚಿಮದ ಪ್ರೇಕ್ಷಕಾಸನಗಳ ಅಡಿಯಲ್ಲಿದ್ದ, ರಾಕೆಟ್ಸ್ ಎಂಬ ಚೆಂಡಾಟದ ಒಂದು ಅಂಗಳದಲ್ಲಿ ಭೌತವಿಜ್ಞಾನಿ ಎನ್ರಿಕೊ ಫರ್ಮಿಯವರ ಬಳಗವು ಗ್ರಾಫೈಟ್ ಇಟ್ಟಿಗೆಗಳನ್ನೂ ಯುರೇನಿಯಮ್ಮನ್ನೂ ಪದರಪದರವಾಗಿ ಪೇರಿಸಿ, ಕೈ ಮೈ ಮೋರೆಗಳಿಗೆಲ್ಲ ಕಪ್ಪು ಪುಡಿ ಮೆತ್ತಿಕೊಂಡು ದುಡಿದು, 1942ರ ಡಿಸೆಂಬರ್ 2ರಂದು ಮಾನವನ ಹತೋಟಿಗೆ ಒಳಪಟ್ಟ ಪ್ರಥಮ ಪರಮಾಣು ಸರಣಿಕ್ರಿಯೆಯನ್ನು ಸಾಧಿಸಿತು. ಅಂದು ಹೊಮ್ಮಿದ ಶಕ್ತಿ ಕೇವಲ ಅರ್ಧ ವಾಟ್. ಮುಂದೆ ಆಸನಗಳನ್ನು ಕೆಡವಿದ ನೆಲದಲ್ಲಿ 1970ರಲ್ಲಿ ರೀಗನ್‌ಸ್ಟೈನ್ ಗ್ರಂಥಾಲಯವು ತೆರೆಯಿತು. ಫುಟ್‌ಬಾಲ್ ಅಲ್ಲಿಗೆ ಹಿಂದಿರುಗಲಿಲ್ಲವೆಂದಲ್ಲ. 1969ರಿಂದ ಮತ್ತೆ ತಂಡವುಂಟು; ಆದರೆ ಆಟಕ್ಕಾಗಿ ವಿದ್ಯಾರ್ಥಿವೇತನ ಕೊಡದ, ಸಣ್ಣ ವೆಚ್ಚದ ಮೂರನೆಯ ದರ್ಜೆಯಲ್ಲಿ.

ಉಳಿದವರ ಮಾತು ಬೇರೆ. ಮಿಷಿಗನ್ ವಿಶ್ವವಿದ್ಯಾನಿಲಯದ ಕ್ರೀಡಾಂಗಣದಲ್ಲಿ 1 ಲಕ್ಷ 7 ಸಾವಿರಕ್ಕೂ ಮೀರಿದ ಜನ ಕುಳಿತುಕೊಳ್ಳಬಹುದು. ಅನೇಕ ಸಂಸ್ಥಾನಗಳಲ್ಲಿ ಸರಕಾರಿ ವೇತನ ಪಡೆಯುವವರ ಪೈಕಿ ಅಗ್ರಸ್ಥಾನದಲ್ಲಿರುವವನು ರಾಜ್ಯಪಾಲನೂ ಅಲ್ಲ, ಶಸ್ತ್ರವೈದ್ಯನೂ ಅಲ್ಲ, ಫುಟ್‌ಬಾಲ್ ತರಬೇತುದಾರ. 2023ರಲ್ಲಿ ಟೆಕ್ಸಸ್ ಎ ಆ್ಯಂಡ್ ಎಂ ವಿಶ್ವವಿದ್ಯಾನಿಲಯವು ತನ್ನ ತರಬೇತುದಾರನನ್ನು ಅವಧಿಗೆ ಮುನ್ನ ಬಿಡಿಸಿದುದರಿಂದ, ಕರಾರಿನಂತೆ ಅವನಿಗೆ ತೆರಬೇಕಾಗಿ ಬಂದ ಮೊತ್ತ 7 ಕೋಟಿ 50 ಲಕ್ಷ ಡಾಲರುಗಳಿಗೂ ಅಧಿಕ. ಕೆಲಸ ಮಾಡಿದ್ದಕ್ಕಲ್ಲ, ಮಾಡದಿರುವುದಕ್ಕೆ!

ಸಮರ್ಥಕರ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಫುಟ್‌ಬಾಲಿನಿಂದ ಬರುವ ಆದಾಯವೇ ಈಜು, ಓಟ, ಕುಸ್ತಿಗಳನ್ನು ಪೋಷಿಸುತ್ತದೆನ್ನುತ್ತಾರೆ. ಬಡ ಮನೆಯ ಎಷ್ಟೋ ಹುಡುಗರಿಗೆ, ವಿಶೇಷವಾಗಿ ಕಪ್ಪು ಜನಾಂಗದವರಿಗೆ, ಕಾಲೇಜಿನ ಬಾಗಿಲು ತೆರೆದದ್ದು ಆಟದ ವಿದ್ಯಾರ್ಥಿವೇತನದಿಂದಲೇ. 1972ರ ಒಂದು ಕಾನೂನು ವಿದ್ಯಾಸಂಸ್ಥೆಗಳಲ್ಲಿ ಲಿಂಗಭೇದವನ್ನು ನಿಷೇಧಿಸಿದ ಮೇಲೆ ಹೆಣ್ಣುಮಕ್ಕಳ ತಂಡಗಳು ಬೆಳೆದದ್ದಂತೂ ನಿರ್ವಿವಾದವಾದ ಲಾಭ. ಆದರೆ ಲೆಕ್ಕದ ಪುಸ್ತಕ ಬೇರೊಂದನ್ನು ಹೇಳುತ್ತದೆ. ಮೊದಲನೆಯ ದರ್ಜೆಯಲ್ಲಿ ಆಡುವ ಮುನ್ನೂರೈವತ್ತಕ್ಕೂ ಮಿಕ್ಕ ಸಂಸ್ಥೆಗಳಲ್ಲಿ, ಆಟದಿಂದ ಬಂದ ಹಣ ಆಟದ ಖರ್ಚನ್ನು ಮೀರಿಸುವುದು ಕೆಲವೇ ಕೆಲವು ಕಡೆ. ಉಳಿದೆಡೆಗಳಲ್ಲಿ ಕೊರತೆಯನ್ನು ತುಂಬುವುದು ವಿಶ್ವವಿದ್ಯಾನಿಲಯದ ಬೊಕ್ಕಸ, ಇಲ್ಲವೇ ವಿದ್ಯಾರ್ಥಿಗಳ ಮೇಲೆ ಹೇರಿದ ಕ್ರೀಡಾ ಶುಲ್ಕ. ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಬ್ಯಾಂಕಿನ ಸಾಲ ಮಾಡಿ ಎಂ.ಎಸ್. ಓದಲು ಹೋದ ನಮ್ಮ ಹುಡುಗನೂ, ಅಂತಹ ಕಡೆ ಸೇರಿದರೆ, ಒಂದು ಪಂದ್ಯವನ್ನೂ ನೋಡದೆ ಆ ಶುಲ್ಕವನ್ನು ತೆರಬೇಕಾದೀತು. ಊರ ಜಾತ್ರೆಯ ಖರ್ಚನ್ನು ಪಾಠಶಾಲೆಯ ಹುಂಡಿಯಿಂದ ಭರಿಸುವ ಈ ಪದ್ಧತಿಯನ್ನು ನಾನಂತೂ ಒಪ್ಪಲಾರೆ. ಪ್ರತಿಯೊಬ್ಬ ವಿದ್ಯಾರ್ಥಿಯೂ ಓಡಿಯಾಡಿ ಬೆವರು ಸುರಿಸಲು ಬಯಲು ಬೇಕು, ವ್ಯಾಯಾಮಶಾಲೆ ಬೇಕು, ಅದಕ್ಕೆ ಎಷ್ಟು ವ್ಯಯವಾದರೂ ಆಗಲಿ. ನೂರು ಜನ ಆಡಿ ಲಕ್ಷ ಜನ ನೋಡುವ ವೈಭವಕ್ಕೆ ನೋಡುವವರೇ ಹಣ ತೆರಲಿ.

ಅತ್ತ ವೆಚ್ಚ ಮಾತ್ರ ಏರುತ್ತಲೇ ಇದೆ. ಆಟಗಾರರು ಹವ್ಯಾಸಿಗಳು, ಆದುದರಿಂದ ಅವರಿಗೆ ಸಂಬಳ ಸಲ್ಲದೆಂಬ ಹಳೆಯ ನೆಪವು 2021ರಲ್ಲಿ ಸರ್ವೋಚ್ಚ ನ್ಯಾಯಾಲಯದ ಒಮ್ಮತದ ತೀರ್ಪಿನಿಂದ ಬಿರುಕುಬಿಟ್ಟಿತು. 2025ರ ಜೂನಿನಲ್ಲಿ ನ್ಯಾಯಾಲಯದ ಅನುಮೋದನೆ ಪಡೆದ ಒಪ್ಪಂದದಂತೆ ವಿಶ್ವವಿದ್ಯಾನಿಲಯವೊಂದು ತನ್ನ ಆಟಗಾರರಿಗೆ ಮೊದಲ ವರ್ಷ ಸುಮಾರು 2 ಕೋಟಿ 5 ಲಕ್ಷ ಡಾಲರುಗಳವರೆಗೆ ನೇರವಾಗಿ ಹಂಚಬಹುದು. ದುಡಿದವರಿಗೆ ಪಾಲು ಸಿಕ್ಕುವುದು ನ್ಯಾಯವೇ. ಆದರೆ ಮೊದಲೇ ಕೊರತೆಯಲ್ಲಿರುವ ಸಂಸ್ಥೆಗಳು ಇದನ್ನು ಎಲ್ಲಿಂದ ತರಬೇಕು?

ಹಚಿನ್ಸರ ದಾರಿ ಈಗ ಸುಲಭವಲ್ಲ. ಬರ್ಮಿಂಗ್‌ಹ್ಯಾಮಿನಲ್ಲಿರುವ ಅಲಬಾಮಾ ವಿಶ್ವವಿದ್ಯಾನಿಲಯವು 2014ರ ಡಿಸೆಂಬರಿನಲ್ಲಿ ಖರ್ಚು ತಾಳಲಾರೆನೆಂದು ಫುಟ್‌ಬಾಲನ್ನು ನಿಲ್ಲಿಸಿ ನೋಡಿತು. ಆಟಗಾರರು ಕಣ್ಣೀರಿಟ್ಟರು, ಊರು ರೊಚ್ಚಿಗೆದ್ದಿತು, ದಾನಿಗಳು ಹಣ ಕೂಡಿಸಿದರು. ಆರು ತಿಂಗಳು ತುಂಬುವುದರೊಳಗೆ ನಿರ್ಣಯ ರದ್ದಾಯಿತು. 2017ರಲ್ಲಿ ತಂಡ ಮತ್ತೆ ಕಣಕ್ಕಿಳಿಯಿತು, 2021ರಲ್ಲಿ ಆ ಊರಿನಲ್ಲಿ ಹೊಸ ಕ್ರೀಡಾಂಗಣವೇ ಎದ್ದು ನಿಂತಿತು.