ಕೊಬ್ಬರಿ ಹೋರಿಯ ಹಿಂದೆ ಕ್ಯಾಮರಾ

ಸರ್ವಜ್ಞನ ಹೆಸರಿನೊಡನೆ ಬೆಸೆದುಕೊಂಡ ಅಬಲೂರಿನ ಸೀಮೆಯಲ್ಲಿ, ಹಿರೇಕೆರೂರು–ಹಾನಗಲ್ಲುಗಳ ಕಡೆ, ದೀಪಾವಳಿ ಬಂದಿತೆಂದರೆ ಹೋರಿ ಹಬ್ಬದ ಸಡಗರ. ಕೊರಳಿಗೆ ಕೊಬ್ಬರಿಯ ಹಾರ, ಬೆನ್ನಿಗೆ ಜೂಲ, ಕೊಂಬಿಗೆ ಬಲೂನು! ಜನಸಂದಣಿಯ ನಡುವಣ ಓಣಿಯಲ್ಲಿ ಹೋರಿ ನುಗ್ಗುತ್ತದೆ. ತರುಣರು ಮೇಲೆ ಬಿದ್ದು ಕೊಬ್ಬರಿ ಹರಿಯಲೆಳಸುತ್ತಾರೆ. ಹಾರ ಬಿಟ್ಟುಕೊಡದೆ ದಾಟಿದ ಹೋರಿಯದೇ ಗೆಲುವು.

ಒಂದೊಂದು ಹೋರಿಗೂ ಒಂದೊಂದು ಹೆಸರು, ಅಭಿಮಾನಿಗಳ ದಂಡು. ಆ ದಂಡಿನಲ್ಲೀಗ ಹೊಸದೊಂದು ಪಂಗಡವಿದೆ: ಬೈಕೇರಿ ಊರಿಂದೂರಿಗೆ ಅಲೆದು ಓಟವನ್ನು ಮೊಬೈಲಿನಲ್ಲಿ ಸೆರೆಹಿಡಿಯುವ ಹವ್ಯಾಸಿಗಳು. ಹಬ್ಬಕ್ಕೆ ಬರಲಾಗದೆ ಬೆಂಗಳೂರಿನಲ್ಲೇ ಉಳಿದ ಬಂಧುಗಳಿಗೆ ಸಂಜೆಯೊಳಗೆ ಆ ಚಿತ್ರಗಳೇ ಹಬ್ಬ.

ಆದರೆ ಈ ಪುಟ್ಟ ಯಂತ್ರದಲ್ಲೊಂದು ಕಪಟವುಂಟು. ಅದರ ಅಗಲನೋಟದ ಮಸೂರವು ಹತ್ತಿರದ್ದನ್ನೂ ದೂರವಾಗಿ ತೋರಿಸುತ್ತದೆ. ಪರದೆಯ ಮೇಲೆ ಹೋರಿ ಇನ್ನೂ ಅಲ್ಲೆಲ್ಲೋ ಇದೆಯೆನ್ನುವಾಗಲೇ ಕೊಂಬು ಎದೆಯ ಬಳಿ ಬಂದಿರುತ್ತದೆ. ಈ ಹಬ್ಬದಲ್ಲಿ ತಿವಿತಕ್ಕೆ ಸಿಕ್ಕಿ ಪ್ರಾಣ ನೀಗಿದವರಲ್ಲಿ ಬರಿಯ ನೋಡುಗರೂ ಇದ್ದಾರೆ. ಕಂಬಳ, ಎತ್ತಿನ ಓಟಗಳಿಗೆ ಅವಕಾಶವಿತ್ತ ಕರ್ನಾಟಕದ ಕಾಯಿದೆಯನ್ನು ೨೦೨೩ರಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿದುದೇನೋ ನಿಜ. ಮೊಬೈಲು ಹಿಡಿದವನ ಜೀವವನ್ನು ಯಾವ ಕಾಯಿದೆ ಕಾದೀತು?

ಬಲ್ಲ ಹವ್ಯಾಸಿ ಮಾಳಿಗೆಯನ್ನೋ ಟ್ರಾಕ್ಟರಿನ ಟ್ರೇಲರನ್ನೋ ಏರಿ ನಿಲ್ಲುತ್ತಾನೆ. ಅಲ್ಲಿಂದ ಓಟದ ಉದ್ದಕ್ಕೂ ಹೋರಿ ಕಾಣುತ್ತದೆ. ಕೆಳಗೆ ನುಗ್ಗಿದವನ ಚಿತ್ರದಲ್ಲಿ ಹೆಚ್ಚಾಗಿ ಕಾಣುವುದು ಜನರ ಬೆನ್ನು, ಒಂದಿಷ್ಟು ಧೂಳು.