ಲಾಂಗ್ ಲೆನ್ಸ್ ಕೊಳ್ಳೋ ಮುಂಚೆ ಬೆಲ್ಲೋಸ್ ಅಳೆಯಿರಿ

ನಾನು ಬಿ.ಕಾಂ. ಓದಿದವನು, ಆದ್ರೂ ಈ ಲೆಕ್ಕದಲ್ಲಿ ಎಡವಿದೆ. ನನ್ನ 4×5 ಇಂಚಿನ ಫಿಲ್ಮ್ ಕ್ಯಾಮೆರಾದ ಬೆಲ್ಲೋಸ್, ಅಂದ್ರೆ ಮಡಿಕೆ ಮಡಿಕೆಯಾಗಿ ಹಿಗ್ಗುವ ಚೀಲ, ಪೂರ್ತಿ ಎಳೆದರೂ 300 ಮಿ.ಮೀ. ಕೊಂಡಿದ್ದು 450 ಮಿ.ಮೀ. ಲೆನ್ಸ್! ಕುದುರೆಮುಖದ ಎದುರು ನಿಂತು ನೋಡಿದ್ರೆ ಗಾಜಿನ ಪರದೆಯಲ್ಲಿ ಬರೀ ಮಸುಕು.

ಕಾರಣ ಸರಳ. ಸಾಮಾನ್ಯ ಲೆನ್ಸಿನಲ್ಲಿ ದೂರದ ಬೆಟ್ಟ ಸ್ಪಷ್ಟವಾಗೋಕೆ, ಲೆನ್ಸಿಗೂ ಫಿಲ್ಮಿಗೂ ನಡುವೆ ಹೆಚ್ಚುಕಡಿಮೆ ಫೋಕಲ್ ಲೆಂಗ್ತ್‌ನಷ್ಟೇ ಅಂತರ ಬೇಕು. ಹತ್ತಿರದ ಬಂಡೆಗೆ ಇನ್ನೂ ಜಾಸ್ತಿ.

ಇದಕ್ಕೊಂದು ದಾರಿ ಟೆಲಿಫೋಟೋ ವಿನ್ಯಾಸ. ಫ್ಯೂಜಿನಾನ್ 400 ಮಿ.ಮೀ. ‘ಟಿ’ ಲೆನ್ಸಿಗೆ ಸುಮಾರು 250 ಮಿ.ಮೀ. ಸಾಕು. ಆದ್ರೆ ಟೆಲಿಫೋಟೋ ಭಾರ. ಲೆನ್ಸ್ ಸ್ವಲ್ಪ ಓರೆ ಮಾಡಿದ್ರೂ ಚೌಕಟ್ಟು ಜಾರುತ್ತೆ, ಮತ್ತೆ ಕೂರಿಸಬೇಕು. ಅದೇ ಫ್ಯೂಜಿನಾನ್‌ನ 450 ಮಿ.ಮೀ. ‘ಸಿ’ ಹಗುರ, 52 ಮಿ.ಮೀ. ಫಿಲ್ಟರ್ ಸಾಕು. ಆದ್ರೆ ಎಫ್/12.5 ಆದ್ದರಿಂದ ಮುಂಜಾವಿನಲ್ಲಿ ಪರದೆ ಕತ್ತಲು, ಉದ್ದ ಬೆಲ್ಲೋಸಂತೂ ಬೇಕೇ ಬೇಕು.

ನನ್ನಂತೆ 300 ಮಿ.ಮೀ. ಬೆಲ್ಲೋಸ್ ಇದ್ರೆ, ಸಾಮಾನ್ಯ ಲೆನ್ಸಿನಲ್ಲಿ 240ರ ಆಸುಪಾಸಿಗೆ ನಿಲ್ಲಿ. ಅದಕ್ಕಿಂತ ಉದ್ದ ಬೇಕಾದ್ರೆ ಟೆಲಿಫೋಟೋ, ಇಲ್ಲವೇ ಕ್ಯಾಮೆರಾನೇ ಬದಲಿಸಿ. ನಾನು ಆ ಲೆನ್ಸನ್ನ ನಷ್ಟಕ್ಕೆ ಮಾರಿದೆ. ನೀವು ಮೊದಲು ಟೇಪು ತೆಗೀರಿ, ಆಮೇಲೆ ಪರ್ಸು.