ಪೊರಕೆ ಒಂದೇ, ಪಗಾರ ನಾಲ್ಕು ಬಗೆ

"ಕಂಪನಿಯವರು ಕೆಲಸ ಕೊಡ್ತೀವಿ ಅಂದ್ರೂ ಬೇಡ ಅಂತಾರಲ್ಲ, ಇವರಿಗೆ ಏನಾಗಿದೆ?"

2025ರ ಆಗಸ್ಟ್ ತಿಂಗಳಿಡೀ ಚೆನ್ನೈನಲ್ಲಿ ಈ ಮಾತು ಕೇಳಿ ಕೇಳಿ ನನ್ನ ತಾಳ್ಮೆ ಮುಗಿದಿತ್ತು. ಅಪಾರ್ಟ್‌ಮೆಂಟಿನ ಸಂಘದ ಸಭೆಯಲ್ಲಿ ಇದೇ ಮಾತು, ಬೆಳಗಿನ ವಾಕಿಂಗಿನಲ್ಲಿ ಇದೇ ಮಾತು, ಬೆಂಗಳೂರಿಂದ ಫೋನ್ ಮಾಡಿದ ನೆಂಟರ ಬಾಯಲ್ಲೂ ಇದೇ ಮಾತು. ಆ ತಿಂಗಳ 1ರಿಂದ ಪಾಲಿಕೆಯ ಕಚೇರಿಯಿರುವ ರಿಪ್ಪನ್ ಕಟ್ಟಡದ ಎದುರು ಪೌರಕಾರ್ಮಿಕರು ಹಗಲು ರಾತ್ರಿ ಕೂತಿದ್ದರು. ಹೆಚ್ಚಿನವರು ಹೆಂಗಸರು. ರಾಯಪುರಂ ಮತ್ತು ತಿರು.ವಿ.ಕ. ನಗರ ವಲಯಗಳ ಕಸ ವಿಲೇವಾರಿಯನ್ನು ಪಾಲಿಕೆ ಖಾಸಗಿ ಕಂಪನಿಗೆ ಒಪ್ಪಿಸಿತ್ತು. ಅಲ್ಲಿಯವರೆಗೆ ಇವರು ರಾಷ್ಟ್ರೀಯ ನಗರ ಜೀವನೋಪಾಯ ಮಿಷನ್ನಿನ ಸ್ವಸಹಾಯ ಗುಂಪುಗಳ ಲೆಕ್ಕದಲ್ಲಿ, ಪಾಲಿಕೆಯ ದಿನಗೂಲಿಗೆ ದುಡಿಯುತ್ತಿದ್ದವರು. ಹದಿಮೂರನೆಯ ದಿನದ ಮಧ್ಯರಾತ್ರಿ ಪೊಲೀಸರು ಹೈಕೋರ್ಟಿನ ಆದೇಶ ಹಿಡಿದು ಬಂದು ಅವರನ್ನು ಎಬ್ಬಿಸಿ ಬಸ್ಸುಗಳಿಗೆ ತುಂಬಿದರು. ಮರುದಿನವೂ ಜನ ಅದನ್ನೇ ಕೇಳುತ್ತಿದ್ದರು: ಕಂಪನಿ ಕೆಲಸ ಅಂದರೆ ಬಡ್ತಿಯಲ್ಲವೇ?

ಅಲ್ಲ. ಗುಡಿಸುವವರ ಲೋಕದಲ್ಲಿ "ಕಂಪನಿ" ಎಂದರೆ ಸಂಬಳ ಏರುತ್ತದೆ ಎಂಬುದು ನಮ್ಮ ನಿಮ್ಮಂಥ ಆಫೀಸಿನವರ ಅನುಭವವನ್ನು ಬೀದಿಯ ಮೇಲೆ ಹೇರಿದ ಕಲ್ಪನೆ.

ಕಾರ್ಮಿಕರು ಮುಂದಿಟ್ಟ, ಪತ್ರಿಕೆಗಳಲ್ಲೂ ಬಂದ ಲೆಕ್ಕ ಇಷ್ಟು: ದಿನಗೂಲಿಯಲ್ಲಿ ತಿಂಗಳಿಗೆ ಸುಮಾರು 22,590 ರೂಪಾಯಿ, ಕಂಪನಿಗೆ ಹೋದರೆ 16,950ರ ಆಸುಪಾಸು. ಪೊರಕೆ ಅದೇ, ಬೀದಿ ಅದೇ, ತಳ್ಳುವ ಗಾಡಿ ಅದೇ. ತಿಂಗಳಿಗೆ ಐದೂವರೆ ಸಾವಿರ ಕಡಿಮೆ. ಇದಕ್ಕೆ ಸಿದ್ಧ ಉತ್ತರವೊಂದಿದೆ. "ಕೈಗೆ ಕಡಿಮೆ ಬರಬಹುದು, ಆದರೆ ಪಿಎಫ್ ಇದೆ, ಇಎಸ್‌ಐ ಇದೆ, ಬೋನಸ್ ಇದೆ, ಒಟ್ಟಿನಲ್ಲಿ ಲಾಭವೇ." ಇದನ್ನು ಹೇಳುವವರಲ್ಲಿ ಒಬ್ಬರೂ ಕಾಗದದ ಮೇಲೆ ಕೂಡಿ ಕಳೆದು ನೋಡಿದ್ದನ್ನು ನಾನು ಕಂಡಿಲ್ಲ. ಹಾಗಾಗಿ ಈಗ ನೋಡೋಣ.

ಕಂಪನಿಗೆ ಅನುಕೂಲವಾಗುವಂತೆಯೇ ಶುರುಮಾಡುತ್ತೇನೆ. ಹಳೆಯ ವ್ಯವಸ್ಥೆಯಲ್ಲಿ ಪಿಎಫ್, ಇಎಸ್‌ಐ ಒಂದೂ ಇರಲಿಲ್ಲವೆಂದೇ ಹಿಡಿಯೋಣ. 16,950 ಎನ್ನುವುದು ಕಡಿತವೆಲ್ಲ ಕಳೆದು ಕೈಗೆ ಬರುವ ಮೊತ್ತವೆಂದೇ ಒಪ್ಪೋಣ. ಪಿಎಫ್‌ಗೆ ಗುಡಿಸುವ ಹೆಂಗಸಿನ ಸಂಬಳದಿಂದ ಶೇ. 12, ಮಾಲೀಕರಿಂದ ಶೇ. 12. 15,000ದ ಮಿತಿಗೆ ಲೆಕ್ಕ ಹಾಕಿದರೆ ತಲಾ 1,800. ಇಎಸ್‌ಐಗೆ ಆಕೆಯಿಂದ ಶೇ. 0.75, ಮಾಲೀಕರಿಂದ ಶೇ. 3.25. ಎರಡೂ ಸೇರಿ ಏಳುನೂರು ಚಿಲ್ಲರೆ. ಬೋನಸ್ ಶೇ. 8.33ರಂತೆ ತಿಂಗಳಿಗೆ ಸುಮಾರು ಸಾವಿರದ ಐನೂರು. ಎಲ್ಲ ಕೂಡಿಸಿದರೆ ಐದು ಸಾವಿರದ ಒಂಬೈನೂರರ ಹತ್ತಿರ. ಅಂದರೆ ಅತ್ಯಂತ ಉದಾರವಾದ ಈ ಲೆಕ್ಕದಲ್ಲೂ ಆಕೆ ಹಳೆಯ 22,590ರ ಹತ್ತಿರಕ್ಕೆ ಬಂದು ನಿಲ್ಲುತ್ತಾಳೆ, ಅಷ್ಟೆ. ಮೊದಲು ಕೈಗೆ ಬರುತ್ತಿದ್ದ ಹಣದ ಕಾಲು ಭಾಗ ಈಗ ಬೇರೆ ಬೇರೆ ಖಾತೆಗಳಲ್ಲಿ ಕೂತಿರುತ್ತದೆ. ಆ 16,950 ಕಡಿತಕ್ಕೆ ಮುಂಚಿನ ಮೊತ್ತವಾಗಿದ್ದರಂತೂ ಕೈಗೆ ಬರುವುದು ಸುಮಾರು 15,000, ಸೌಲಭ್ಯವೆಲ್ಲ ಸೇರಿದರೂ 20,700ರ ಆಸುಪಾಸು ಅಷ್ಟೆ.

ಪಿಎಫ್, ಇಎಸ್‌ಐ ಬೇಡವೆಂದು ನಾನು ಹೇಳುತ್ತಿಲ್ಲ. ದೂಳಿನಲ್ಲಿ, ಕೊಳೆತ ಕಸದಲ್ಲಿ ದುಡಿಯುವವರಿಗೆ ಕೆ.ಕೆ. ನಗರದ ಅಥವಾ ಅಯನಾವರದ ಇಎಸ್‌ಐ ಆಸ್ಪತ್ರೆಯ ಬಾಗಿಲು ತೆರೆದಿರುವುದು ದೊಡ್ಡ ವಿಷಯ. ಕಾಯಿಲೆ ಬಿದ್ದರೆ 91 ದಿನದವರೆಗೆ ಕೂಲಿಯ ಶೇ. 70, ಹೆರಿಗೆಗೆ 26 ವಾರ ಪೂರ್ತಿ ಕೂಲಿ. ಆದರೆ ಇವು ಕಂಪನಿ ಕೊಡುವ ಕೊಡುಗೆಗಳಲ್ಲ, ಕಾನೂನು ವಿಧಿಸಿದ ಬಾಧ್ಯತೆಗಳು. ಪಾಲಿಕೆಯೇ ನೇರವಾಗಿ ಹಳೆಯ ಕೂಲಿಯ ಮೇಲೆ ಇವನ್ನು ಕೊಡಬಹುದಿತ್ತು. ಕೂಲಿ ಇಳಿಸಿ, ಇಳಿಸಿದ್ದನ್ನೇ ಸೌಲಭ್ಯವೆಂದು ತೋರಿಸಿದಾಗ ಅದನ್ನು ಲಾಭ ಅನ್ನುವುದು ಹೇಗೆ?

ಇನ್ನೊಂದನ್ನು ಹೇಳಲೇಬೇಕು. ತಮಿಳುನಾಡಿನಲ್ಲಿ 1981ರ ಕಾಯ್ದೆಯೊಂದಿದೆ. ಉದ್ದಿಮೆಯೊಂದರಲ್ಲಿ 24 ತಿಂಗಳ ಅವಧಿಯಲ್ಲಿ 480 ದಿನ ಸತತವಾಗಿ ದುಡಿದವರನ್ನು ಕಾಯಂ ಮಾಡಬೇಕು ಎನ್ನುತ್ತದೆ ಅದು. ಆ ಹೆಂಗಸರಲ್ಲಿ ಎಷ್ಟೋ ಮಂದಿ ವರ್ಷಗಟ್ಟಲೆ ಅದೇ ಬೀದಿ ಗುಡಿಸಿದವರು, ಕೊರೋನಾ ಕಾಲದಲ್ಲಿ ಬಾಗಿಲು ಹಾಕಿಕೊಂಡಿದ್ದ ಮನೆಗಳ ಮುಂದಿನ ಕಸ ಎತ್ತಿದವರು. ಕಂಪನಿಯ ಹಾಜರಿ ಪುಸ್ತಕಕ್ಕೆ ಹೆಸರು ಹೋದರೆ ಪಾಲಿಕೆಯ ಮೇಲಿನ ತಮ್ಮ ಹಕ್ಕು ಸಡಿಲಾಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಬಡ್ತಿ ಬೇಡವೆಂದು ಹಟ ಹಿಡಿದು ಕೂತವರಲ್ಲ ಅವರು.

ಚೆನ್ನೈಗೆ ಖಾಸಗಿ ಕಂಪನಿ ಹೊಸದೇನಲ್ಲ. 2000ದಲ್ಲಿ ಓನಿಕ್ಸ್ ಮೂರು ವಲಯಗಳನ್ನು ವಹಿಸಿಕೊಂಡಿತು, 2007ರಲ್ಲಿ ನೀಲ್ ಮೆಟಲ್ ಫನಾಲ್ಕಾ, ಆಮೇಲೆ ರಾಮ್ಕಿ, 2020ರಲ್ಲಿ ಇನ್ನೂ ಹಲವು ವಲಯಗಳಿಗೆ ಉರ್ಬಾಸರ್ ಸುಮೀತ್. ಗುಡಿಸುವವರಿಗೆ ಹೀಗೆ ಕಂಪನಿ ಬದಲಾಗುತ್ತಿರುವುದರ ಅರ್ಥವೇನು? ಗ್ರಾಚ್ಯುಟಿಗೆ ಬಹುಕಾಲ ಐದು ವರ್ಷದ ಸೇವೆ ಬೇಕಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆ ನಿಗದಿತ ಅವಧಿಯ ನೌಕರರಿಗೆ ಅದನ್ನು ಒಂದು ವರ್ಷಕ್ಕೆ ಇಳಿಸಿದೆ. ಆದರೆ ಗುತ್ತಿಗೆದಾರ ಬದಲಾದಾಗಲೆಲ್ಲ ಸೇವೆ ಸೊನ್ನೆಯಿಂದ ಶುರುವಾಗುತ್ತದೆ. ಪಿಎಫ್ ಖಾತೆಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಕಾಗುಣಿತ. ಆ ಹಣ ಬಿಡಿಸಿಕೊಳ್ಳಲು ಒಂದು ದಿನದ ಕೂಲಿ ಬಿಟ್ಟು ಕಚೇರಿಗೆ ಅಲೆಯಬೇಕು. ಇನ್ನು ಪಿಎಫ್‌ನ ಜೊತೆಗೇ ಬರುವ ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು, ಅಷ್ಟಾದ ಮೇಲೆ ಸಿಗುವ ಕನಿಷ್ಠ ಮೊತ್ತ 2014ರಿಂದ ತಿಂಗಳಿಗೆ 1,000 ರೂಪಾಯಿ.

ಈಗ ಬೆಂಗಳೂರಿನ ಕಡೆ ನೋಡಿ, ಅದೇ ವರ್ಷ. 2025ರ ಮೇ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಬಿಬಿಎಂಪಿಯ 12,692 ಪೌರಕಾರ್ಮಿಕರಿಗೆ ಕಾಯಂ ನೇಮಕಾತಿ ಪತ್ರ ಕೊಟ್ಟರು. ಸಂಬಳ ತಿಂಗಳಿಗೆ 39,000 ಎಂದು ಹೇಳಿದರು. ಅದು ತಾನಾಗಿ ಬಂದದ್ದಲ್ಲ. 2017ರ ಹೊತ್ತಿಗೆ ಗುತ್ತಿಗೆದಾರರನ್ನು ನಡುವಿನಿಂದ ತೆಗೆದು ನೇರ ಪಾವತಿಗೆ ತಂದರು. 2022ರ ಜುಲೈನಲ್ಲಿ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಮುಷ್ಕರ ಕೂತರು. ಪೌರಕಾರ್ಮಿಕರ ಸ್ಥಿತಿಗತಿಯ ಬಗ್ಗೆ ಐ.ಪಿ.ಡಿ. ಸಾಲಪ್ಪ ಸಮಿತಿ ಎಪ್ಪತ್ತರ ದಶಕದಲ್ಲೇ ವರದಿ ಕೊಟ್ಟಿತ್ತು ಎಂಬುದನ್ನು ನೆನೆದರೆ ಎಷ್ಟು ತಡವಾಯಿತು ಎಂದು ಗೊತ್ತಾಗುತ್ತದೆ. ಒಂದು ನಗರ ಗುತ್ತಿಗೆಯಿಂದ ಕಾಯಂ ಕಡೆಗೆ ನಡೆದಾಗ 39,000, ಪಕ್ಕದ ರಾಜ್ಯದ ನಗರ ದಿನಗೂಲಿಯಿಂದ ಕಂಪನಿ ಕಡೆಗೆ ನಡೆದಾಗ 16,950. ಗುಡಿಸುವವರ ಕೌಶಲವಾಗಲಿ ಶ್ರಮವಾಗಲಿ ಹೊಸೂರಿನ ಗಡಿ ದಾಟಿದೊಡನೆ ಬದಲಾಗುವುದಿಲ್ಲ. ಬದಲಾಗುವುದು ಸಂಬಳ ಕೊಡುವವರು ಯಾರು, ನಡುವೆ ಎಷ್ಟು ಕೈಗಳಿವೆ ಎಂಬುದು.

ಆ ನಡುವಿನ ಕೈಗಳ ಲೆಕ್ಕ ನಮ್ಮ ಅಪಾರ್ಟ್‌ಮೆಂಟುಗಳಲ್ಲೇ ಇದೆ. "ಒಬ್ಬ ಹೌಸ್‌ಕೀಪಿಂಗ್‌ನವಳಿಗೆ ನಾವು ಇಪ್ಪತ್ತನಾಲ್ಕು ಸಾವಿರ ಕೊಡ್ತೀವಿ, ಆದರೂ ಮೆಟ್ಟಿಲು ಸರಿಯಾಗಿ ಒರೆಸೋದಿಲ್ಲ" ಎಂದು ಸಂಘದ ಖಜಾಂಚಿಗಳು ಹೇಳುವುದುಂಟು. ನೀವು ಕೊಡುವುದು ಏಜೆನ್ಸಿಗೆ, ಆಕೆಗಲ್ಲ. ಆಕೆಯ ವೇತನ ತುಟ್ಟಿಭತ್ಯೆ ಸೇರಿ 15,000 ಎಂದಿಟ್ಟುಕೊಳ್ಳಿ. ಮಾಲೀಕರ ಪಿಎಫ್ ಪಾಲು ನಿರ್ವಹಣಾ ಶುಲ್ಕ ಸೇರಿ 1,950, ಇಎಸ್‌ಐ 487, ಬೋನಸ್ 1,250. ಅಲ್ಲಿಗೆ 18,687. ಏಜೆನ್ಸಿಯ ಸೇವಾ ಶುಲ್ಕ ಶೇ. 10 ಅಂದರೆ 1,869. ಇಷ್ಟರ ಮೇಲೆ ಶೇ. 18 ಜಿಎಸ್‌ಟಿ, 3,700. ಬಿಲ್ಲು 24,256ಕ್ಕೆ ಮುಟ್ಟಿತು. ರಜೆಯ ದಿನದ ಬದಲಿ ಆಳು, ಸಮವಸ್ತ್ರ, ಫಿನಾಯಿಲ್ ಇನ್ನೂ ಸೇರಿಲ್ಲ. ಆಕೆಯ ಪಾಲಿನ ಕಡಿತ ಕಳೆದು ಕೈಗೆ ಸಿಗುವುದು 13,087. ನೀವು ಕೊಟ್ಟ ನೂರು ರೂಪಾಯಿಯಲ್ಲಿ ಐವತ್ತನಾಲ್ಕು. ಆಕೆಯ ಬೋನಸ್ಸಿಗಿಂತ, ಇಎಸ್‌ಐಗಿಂತ, ಎರಡನ್ನೂ ಕೂಡಿಸಿದ್ದಕ್ಕಿಂತ ದೊಡ್ಡ ಮೊತ್ತ ತೆರಿಗೆಗೆ ಹೋಗುತ್ತದೆ. ಇದು ಏಜೆನ್ಸಿ ಕಾನೂನನ್ನು ಅಕ್ಷರಶಃ ಪಾಲಿಸಿದಾಗಿನ ಮಾತು.

ಹಾಗಾದರೆ ಸ್ವಂತವಾಗಿ ನಾಲ್ಕಾರು ಮನೆ ಹಿಡಿದವರೇ ಸುಖಿಗಳು ಎನ್ನುವವರು ಇನ್ನೊಂದು ಗುಂಪು. "ಕಸಮುಸುರೆಯವಳ ಸಂಪಾದನೆ ಇಂಜಿನಿಯರಿಗಿಂತ ಜಾಸ್ತಿ" ಎಂಬ ವಾಟ್ಸ್ಯಾಪ್ ಸಂದೇಶ ವರ್ಷಕ್ಕೊಮ್ಮೆಯಾದರೂ ನನ್ನ ಫೋನಿಗೆ ಬರುತ್ತದೆ. ಮನೆಗೆ 3,000ದಂತೆ ನಾಲ್ಕು ಮನೆ ಹಿಡಿದರೆ 12,000. ಕಡಿತವಿಲ್ಲ, ಏಜೆನ್ಸಿಯಿಲ್ಲ, ಜಿಎಸ್‌ಟಿಯಿಲ್ಲ, ಹಬ್ಬಕ್ಕೆ ಒಂದು ಸೀರೆಯೋ ಒಂದು ತಿಂಗಳ ಸಂಬಳವೋ ಉಂಟು. ಗಂಟೆಯ ಲೆಕ್ಕದಲ್ಲಿ ಇದು ಕಂಪನಿಯವರ ಸಂಬಳಕ್ಕಿಂತ ಮೇಲು, ನಿಜ. ಆದರೆ ಸಂದೇಶ ಬರೆದವರು ಒಂದು ಗಂಟೆಯ ದರವನ್ನು ದಿನಕ್ಕೆ ಎಂಟರಿಂದ, ತಿಂಗಳಿಗೆ ಮೂವತ್ತರಿಂದ ಗುಣಿಸಿಬಿಡುತ್ತಾರೆ. ಯಾವ ಮೈ ಎಂಟು ಗಂಟೆ ಬಗ್ಗಿ ಒರೆಸೀತು? ಮನೆಯಿಂದ ಮನೆಗೆ ನಡೆದ ಹೊತ್ತಿಗೆ ಕೂಲಿಯಿಲ್ಲ. ಮೇ ತಿಂಗಳಲ್ಲಿ ಒಂದು ಸಂಸಾರ ಊರಿಗೆ ಹೋದರೆ 3,000 ಹೋಯಿತು. ಜ್ವರ ಬಂದರೆ ಇಎಸ್‌ಐ ಇಲ್ಲ, ಯಜಮಾನತಿಯ ದಯೆ ಇದ್ದರುಂಟು.

ವಿಳಾಸವೂ ಸಂಬಳವನ್ನು ನಿರ್ಧರಿಸುತ್ತದೆ ಎಂಬುದನ್ನು ಚೆನ್ನೈ ತೋರಿಸಿಕೊಟ್ಟಿದೆ. 2000ದಿಂದೀಚೆಗೆ ನಗರದ ನಡುವಿನ ಕೊಳೆಗೇರಿಗಳನ್ನು ತೆರವು ಮಾಡಿ ಜನರನ್ನು ಕಣ್ಣಗಿ ನಗರಕ್ಕೆ, ಆಮೇಲೆ ಪೆರುಂಬಾಕ್ಕಂಗೆ ಸಾಗಿಸಿದರು. ಕೂಗಿದರೆ ಕೇಳುವಷ್ಟು ದೂರದಲ್ಲಿ ನಾಲ್ಕು ಮನೆ ಮಾಡುತ್ತಿದ್ದ ಹೆಂಗಸು ಈಗ ಎರಡು ಬಸ್ಸು ಹತ್ತಿ ಬಂದು ಎರಡು ಮನೆ ಮಾಡಿದರೆ ಹೆಚ್ಚು. 2021ರ ಮೇ ತಿಂಗಳಿಂದ ಸಾಧಾರಣ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲದಿರುವುದು ಅವರ ಆದಾಯಕ್ಕೆ ಕೂಡಿದ ನಿಜವಾದ ಹಣ. ಕಳೆದುಹೋದ ಗಂಟೆಗಳನ್ನು ಅದು ತಂದುಕೊಡಲಾರದು.

ಮಿಕ್ಕ ನಂಬಿಕೆಗಳನ್ನು ಬೇಗ ಮುಗಿಸುತ್ತೇನೆ. ಮನೆಕೆಲಸಕ್ಕೆ ಕನಿಷ್ಠ ವೇತನವೇ ಇಲ್ಲ ಎನ್ನುವುದು ಸುಳ್ಳು: ಕರ್ನಾಟಕ 2004ರಲ್ಲೇ ನಿಗದಿ ಮಾಡಿತು, ತಮಿಳುನಾಡು 2018ರಲ್ಲಿ ಗಂಟೆಗೆ 37 ರೂಪಾಯಿಯಿಂದ ಶುರುಮಾಡಿತು, ಆ ದರ ಅಷ್ಟು ಕೆಳಗಿರುವುದರಿಂದ ಅದರ ಹೆಸರೆತ್ತಿ ಯಾರೂ ಕೂಲಿ ಕೇಳುವುದಿಲ್ಲ. ಆ್ಯಪ್‌ನಲ್ಲಿ ಕರೆಸಿದ ಕೆಲಸದವರು ಕಂಪನಿಯ ನೌಕರರು ಎನ್ನುವುದೂ ತಪ್ಪು: 2025ರ ಮಾರ್ಚ್‌ನಲ್ಲಿ ಮುಂಬಯಿಯಲ್ಲಿ ಅರ್ಬನ್ ಕಂಪನಿ ಈ ಸೇವೆ ಶುರುಮಾಡಿದಾಗ ಗಂಟೆಗೆ 150ರಿಂದ 180 ರೂಪಾಯಿ ಗಳಿಕೆಯೆಂದು ಹೇಳಿತು, ಆದರೆ ಅವರನ್ನು ಕರೆಯುವುದು ಪಾಲುದಾರರೆಂದು, ಪಿಎಫ್ ಅವರಿಗಿಲ್ಲ. ಮಲದ ಗುಂಡಿಗೆ ಇಳಿದರೆ ಒಂದೇ ದಿನಕ್ಕೆ ಕೈತುಂಬ ದುಡ್ಡು ಎಂದು ಹೇಳುವವರಿಗೆ ಒಂದೇ ಮಾತು: ಹಾಗೆ ಇಳಿಸುವುದು 2013ರ ಕಾಯ್ದೆಯಡಿ ಅಪರಾಧ, ಸತ್ತರೆ ಕೊಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರಲ್ಲಿ 30 ಲಕ್ಷಕ್ಕೆ ಏರಿಸಿದೆ.

ನನಗೆ ನಿಜಕ್ಕೂ ಸಿಟ್ಟು ಬರುವುದು ಈ ತಪ್ಪುಗಳಿಗಲ್ಲ, ಅವನ್ನು ನಂಬುವ ಸಲೀಸಿಗೆ. ಕಾರು ಕೊಳ್ಳುವಾಗ ಬಡ್ಡಿ, ವಿಮೆ, ನೋಂದಣಿ ಎಂದು ಸಾಲು ಸಾಲಾಗಿ ಕೂಡುವವರು, ತಮ್ಮದೇ ಸಂಬಳದ ಚೀಟಿಯಲ್ಲಿ ಕಡಿತಕ್ಕೆ ಮುಂಚೆ ಎಷ್ಟು, ಆಮೇಲೆ ಎಷ್ಟು ಎಂದು ಬಿಡಿಬಿಡಿಯಾಗಿ ಬಲ್ಲವರು, ಗುಡಿಸುವವರ ವಿಷಯ ಬಂದೊಡನೆ ಕಿವಿಗೆ ಬಿದ್ದ ಯಾವ ಅಂಕಿಯನ್ನಾದರೂ ಒಪ್ಪಿಬಿಡುತ್ತಾರೆ. ಬಡವರು ಗುಟ್ಟಾಗಿ ಸಂಪಾದಿಸುತ್ತಿದ್ದಾರೆ ಎಂದರೆ ನಂಬುತ್ತಾರೆ, ಕಂಪನಿ ಅವರನ್ನು ಉದ್ಧರಿಸುತ್ತದೆ ಎಂದರೂ ನಂಬುತ್ತಾರೆ. ಎರಡೂ ಒಟ್ಟಿಗೆ ನಿಜವಾಗಲಾರದು ಎಂದು ತೋಚುವುದಿಲ್ಲ, ಏಕೆಂದರೆ ಎರಡರಲ್ಲಿ ಯಾವುದನ್ನು ನಂಬಿದರೂ ನಾವು ಹೆಚ್ಚು ಕೊಡಬೇಕಾಗಿಲ್ಲ. ಈ ಕೆಲಸಕ್ಕೆ ತಲೆತಲಾಂತರದಿಂದ ದಲಿತರನ್ನೇ ಹಚ್ಚಿರುವುದು, ಚೆನ್ನೈಯಲ್ಲಾಗಲಿ ಬೆಂಗಳೂರಿನಲ್ಲಾಗಲಿ ಪೊರಕೆ ಹಿಡಿದವರಲ್ಲಿ ಅಷ್ಟೊಂದು ಮಂದಿ ತೆಲುಗು ಮಾತಾಡುವ ಆ ಸಮುದಾಯಗಳವರೇ ಆಗಿರುವುದು, ಈ ಉದಾಸೀನಕ್ಕೆ ಸಂಬಂಧವಿಲ್ಲದ ಸಂಗತಿಯಲ್ಲ.

ಕೊನೆಯದಾಗಿ, "ಏಜೆನ್ಸಿ ಸಂಬಳ ಕೊಡದಿದ್ದರೆ ಅದು ಅವರವರ ವ್ಯವಹಾರ" ಎಂಬ ಮಾತು. ಗುತ್ತಿಗೆ ಕಾರ್ಮಿಕರ 1970ರ ಕಾಯ್ದೆಯ 21ನೆಯ ಕಲಮು ಹಾಗೆ ಹೇಳಲಿಲ್ಲ, ಅದರ ಜಾಗಕ್ಕೆ ಬಂದಿರುವ ಸಂಹಿತೆಯೂ ಹೇಳುವುದಿಲ್ಲ. ಗುತ್ತಿಗೆದಾರ ಕೂಲಿ ಉಳಿಸಿಕೊಂಡರೆ ಕೆಲಸ ಮಾಡಿಸಿಕೊಂಡ ಮೂಲ ಮಾಲೀಕರು ಅದನ್ನು ಕೊಟ್ಟು, ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬೇಕು. ದೊಡ್ಡ ಸಂಸ್ಥೆಗಳಿಗೆ ಇದು ಕಾನೂನು. ಸಣ್ಣ ಅಪಾರ್ಟ್‌ಮೆಂಟಿನ ಸಂಘವೂ ಮುಂದಿನ ತಿಂಗಳ ಬಿಲ್ಲಿಗೆ ಸಹಿ ಹಾಕುವ ಮುಂಚೆ ಏಜೆನ್ಸಿಯಿಂದ ಕಳೆದ ತಿಂಗಳ ಪಿಎಫ್ ಚಲನ್, ಇಎಸ್‌ಐ ಸಂಖ್ಯೆ, ಬ್ಯಾಂಕಿಗೆ ಜಮೆಯಾದ ಸಂಬಳದ ವಿವರ ಕೇಳಬಹುದು, ಅದರಲ್ಲಿರುವ ಮೊತ್ತ ಸರಿಯೇ ಎಂದು ಮೆಟ್ಟಿಲು ಒರೆಸುವ ಅಕ್ಕನನ್ನೇ ವಿಚಾರಿಸಬಹುದು.